ರ‍್ಯಾಲಿ ಕಾರಿನಲ್ಲಿ ಬಾಜೂಕ ಕುಂತವರು ಓದೋದು ಏನು?

ಓದುಗರ ಪ್ರಶ್ನೆ: "ನಮ್ಮ ಹುಡುಗ ಯಾವಾಗ ನೋಡಿದ್ರೂ ಮೊಬೈಲ್‌ನ್ಯಾಗ ಕಾರ್ ರ‍್ಯಾಲಿ ನೋಡ್ತಾನ್ರಿ. ಗುಡ್ಡದ ಮಣ್ಣಿನ ರಸ್ತೆ, ಕಾರು ಅಡ್ಡಡ್ಡ ಹೊಂಟಿರ್ತದ. ಬಾಜೂಕ ಕುಂತಾತ ರಸ್ತೆ ನೋಡೋದು ಬಿಟ್ಟು ಪುಸ್ತಕ ನೋಡ್ಕೋತ ಒಂದೇ ಸವನ ಒದರ್ತಾನ. ಡ್ರೈವರಗ ಕಣ್ಣು ಕಾಣಂಗಿಲ್ಲೇನ್ರಿ?" — ಸೇಡಂನಿಂದ ಒಬ್ಬ ಓದುಗರು

ಈ ಪ್ರಶ್ನೆ ನನಗೆ ಬಂದಿದ್ದು ಇದೇ ಮೊದಲಲ್ಲ. ಕಲಬುರಗಿಯಲ್ಲಿ ರ‍್ಯಾಲಿ ಅಂದರೆ ನೆನಪಾಗೋದು ಚುನಾವಣೆ, ತೆರೆದ ಜೀಪು, ಮೈಕು. ಕಾರಿನ ರ‍್ಯಾಲಿ ನಮ್ಮ ಮನೆಗಳಿಗೆ ಬಂದಿದ್ದು ಮೊಬೈಲ್‌ನಿಂದಲೇ. ನೋಡಿದವರೆಲ್ಲ ಮೊದಲು ಕೇಳೋದು ಆ ಪುಸ್ತಕದ ಬಗ್ಗೆ.

ಡ್ರೈವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ರಸ್ತೆ ಆ ವೇಗಕ್ಕೆ ಸಾಲುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಗುಡ್ಡದ ತಿರುವಿನಲ್ಲಿ ಮುಂದೆ 40 ಮೀಟರ್ ಕಂಡರೆ ದೊಡ್ಡದು. ಒಂದೂವರೆ ಸೆಕೆಂಡಿಗೆ ಅದು ಮುಗಿದುಹೋಗುತ್ತದೆ. ಆಚೆ ರಸ್ತೆ ಎಡಕ್ಕೋ, ಬಲಕ್ಕೋ, ಇಲ್ಲಾ ಕಂದಕವೋ?

ಡಾಂಬರ್ ರಸ್ತೆಯಲ್ಲಾದರೆ ತಿರುವು ಕಂಡಮೇಲೂ ಬ್ರೇಕ್ ಒತ್ತಿ ಸ್ವಲ್ಪ ಸುಧಾರಿಸಿಕೊಳ್ಳಬಹುದು. ಮುರುಂ ರಸ್ತೆಯಲ್ಲಿ ಆ ಸೌಲಭ್ಯ ಕಡಿಮೆ. ಫರಸಿ ನೆಲದ ಮೇಲೆ ಜೋಳ ಚೆಲ್ಲಿದಾಗ ಕಾಲಿಟ್ಟು ನೋಡಿದ್ದೀರಲ್ಲ? ಕಾಲು ನೆಲಕ್ಕೆ ತಾಗುವುದೇ ಇಲ್ಲ, ಕಾಳಿನ ಮೇಲೆ ಉರುಳಿಕೊಂಡು ಹೋಗುತ್ತದೆ. ಟೈರಿನ ಕೆಳಗೆ ಸಡಿಲ ಹರಳು ಮಾಡುವ ಕೆಲಸವೂ ಅದೇ. ಅದಕ್ಕೇ ರ‍್ಯಾಲಿ ಡ್ರೈವರ್ ತಿರುವು ಬರುವ ಮುಂಚೆಯೇ ಕಾರಿನ ಮೂತಿಯನ್ನು ಒಳಕ್ಕೆ ತಿರುಗಿಸುತ್ತಾನೆ. ಹಿಂದಿನ ಗಾಲಿ ಹೊರಕ್ಕೆ ಜಾರುತ್ತವೆ. ಕಾರು ಅಡ್ಡಲಾಗಿ ಜಾರುತ್ತಲೇ ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಆಕ್ಸಿಲರೇಟರ್ ಒತ್ತಿ ಎಳೆದುಕೊಂಡು ಹೋಗುತ್ತಾನೆ. ಕೆಲವು ಸಲ ಮೊದಲು ಉಲ್ಟಾ ಕಡೆ ಸ್ಟೇರಿಂಗ್ ಎಳೆದು, ಆ ತೂಗಾಟದ ಬಲದಿಂದಲೇ ಕಾರನ್ನು ಒಳಕ್ಕೆ ಬೀಸುತ್ತಾರೆ. ನಿಮ್ಮ ಮಗ ನೋಡುವ ಅಡ್ಡಡ್ಡ ಓಟ ಷೋಕಿಗೆ ಮಾಡಿದ್ದಲ್ಲ, ಆ ರಸ್ತೆಯಲ್ಲಿ ಬೇಗ ತಿರುಗಲು ಇರುವ ದಾರಿಯೇ ಅದು.

ಆದರೆ ಇದರಲ್ಲಿ ಒಂದು ತೊಡಕಿದೆ. ಕಾರನ್ನು ಅಡ್ಡ ಮಾಡುವ ಹೊತ್ತಿಗೆ ತಿರುವಿನ ಕೊನೆ ಇನ್ನೂ ಕಂಡಿರುವುದಿಲ್ಲ. ಅದು ಮುಂದೆ ಬಿಚ್ಚಿಕೊಳ್ಳುತ್ತದೋ, ಇನ್ನೂ ಬಿಗಿಯಾಗುತ್ತದೋ ಅಂತ ಮೊದಲೇ ಗೊತ್ತಿರಬೇಕು. ಕಾಣದ್ದನ್ನು ಕಿವಿಗೆ ಹೇಳುವುದಕ್ಕೇ ಬಾಜೂಕ ಕುಂತವರು ಇರೋದು. ಅವರನ್ನು ಕೋ-ಡ್ರೈವರ್ ಅಂತಾರೆ. ಅವರ ಕೈಯಲ್ಲಿರುವ ಪುಸ್ತಕಕ್ಕೆ ಪೇಸ್ ನೋಟ್ಸ್ ಅನ್ನುತ್ತಾರೆ.

ಈ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ರ‍್ಯಾಲಿಗೆ ಮೊದಲು ಇಬ್ಬರೂ ಸಾಮಾನ್ಯ ಕಾರಿನಲ್ಲಿ, ಮಿತಿ ಹಾಕಿದ ವೇಗದಲ್ಲಿ, ಅದೇ ರಸ್ತೆಯಲ್ಲಿ ಹೋಗುತ್ತಾರೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಇದಕ್ಕೆ ಸಿಗುವುದು ಸಾಮಾನ್ಯವಾಗಿ ಎರಡೇ ಸುತ್ತು. ಮೊದಲ ಸುತ್ತಿನಲ್ಲಿ ಡ್ರೈವರ್ ಪ್ರತಿ ತಿರುವನ್ನೂ ಬಾಯಲ್ಲಿ ಹೇಳುತ್ತಾನೆ, ಕೋ-ಡ್ರೈವರ್ ಬರೆದುಕೊಳ್ಳುತ್ತಾನೆ. ಎರಡನೇ ಸುತ್ತಿನಲ್ಲಿ ಬರೆದದ್ದನ್ನು ಓದಿ ತಿದ್ದುತ್ತಾರೆ. ರಾತ್ರಿ ವಿಡಿಯೊ ಹಾಕಿಕೊಂಡು ಮತ್ತೆ ತಿದ್ದುವುದೂ ಉಂಟು. ಅಂದರೆ ಓಟದ ದಿನ ಡ್ರೈವರ್ ಕೇಳುವುದು ತನ್ನದೇ ಮಾತನ್ನು, ಇನ್ನೊಬ್ಬರ ಬಾಯಿಂದ.

ಬರೆಯುವ ಭಾಷೆ ತುಂಬ ಚಿಕ್ಕದು. ಹೆಚ್ಚಿನವರು ತಿರುವಿಗೆ 1ರಿಂದ 6ರವರೆಗೆ ಅಂಕಿ ಕೊಡುತ್ತಾರೆ. 1 ಅಂದರೆ ತೀರಾ ಬಿಗಿ, 6 ಅಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತದೆ ಹೋಗುವಷ್ಟು ಸಡಿಲ. ಕೆಲವರದು ಇದಕ್ಕೆ ಉಲ್ಟಾ. ನಡುವಿನ ನೇರ ದಾರಿ ಮೀಟರಿನಲ್ಲಿ. ಒಂದು ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ: "ಎಡ 4, ದಿಬ್ಬದ ಮೇಲೆ, 60, ಬಲ 3 ಬಿಗಿಯಾಗುತ್ತೆ, ಒಳಗೆ ಕತ್ತರಿಸಬೇಡ." ತಿರುವಿನ ಒಳಅಂಚಿನಲ್ಲಿ ಕಲ್ಲು ಇದ್ದರೆ ಆ ಕೊನೆಯ ಮಾತು. ಅದನ್ನು ಮರೆತರೆ ಗಾಲಿ ಹೋದಂತೆ. ಅಪಾಯದ ಜಾಗಕ್ಕೆ ಎಚ್ಚರಿಕೆ ಗುರುತು. ಇನ್ನೂ ಅಪಾಯವಿದ್ದರೆ ಎರಡು, ತೀರಾ ಕೆಟ್ಟದ್ದಕ್ಕೆ ಮೂರು. ಕಾರು ಮುರೀತಿದ್ದೀರಿ ಅಂತ ಕೋ-ಡ್ರೈವರ್ ಗೋಗರೆಯುವ ಒಂದು ಭಾರತದ ವಿಡಿಯೊ ಎಲ್ಲರ ಮೊಬೈಲ್‌ನಲ್ಲಿ ಹರಿದಾಡಿತ್ತಲ್ಲ? ಜನ ನಕ್ಕಿದ್ದೇ ನಕ್ಕಿದ್ದು. ನನಗೆ ಮಾತ್ರ ಆ ಕೋ-ಡ್ರೈವರ್ ಮೇಲೆ ಪಾಪ ಅನಿಸಿತ್ತು. ತಾನು ಓದಿದ್ದನ್ನು ಡ್ರೈವರ್ ಕೇಳದಿದ್ದರೆ ಆ ಸೀಟಿನಲ್ಲಿ ಕೂತವರಿಗೆ ಉಳಿಯೋದು ಪ್ರಾರ್ಥನೆ ಮಾತ್ರ.

ರಸ್ತೆಯನ್ನು ಬಾಯಿಪಾಠ ಮಾಡಬಾರದೇ ಅಂತಲೂ ಕೇಳುತ್ತಾರೆ. ಚೆನ್ನೈ ಹತ್ತಿರದ ರೇಸ್ ಟ್ರ್ಯಾಕ್ ನಾಲ್ಕು ಕಿ.ಮೀ. ಕೂಡ ಇಲ್ಲ. ಸುತ್ತಿದ್ದೇ ಸುತ್ತುತ್ತಾರೆ, ಬಾಯಿಪಾಠ ಆಗಿಯೇ ಆಗುತ್ತದೆ. ವಿಶ್ವ ರ‍್ಯಾಲಿಯ ಒಂದು ಸ್ಪರ್ಧೆಯಲ್ಲಿ ಸಮಯ ಅಳೆಯುವ ರಸ್ತೆಯೇ ಸುಮಾರು 300 ಕಿ.ಮೀ. ಕಲಬುರಗಿಯಿಂದ ಹೈದರಾಬಾದ್ ದಾಟಿ ಹೋದರೂ ಮುಗಿಯದಷ್ಟು ತಿರುವು. ಯಾರ ತಲೆಯಲ್ಲಿ ಉಳಿಯುತ್ತೆ?

ಈ ಉಪಾಯದ ಪ್ರಸಿದ್ಧ ಕಥೆ 1955ರದು. ಇಟಲಿಯ ಮಿಲ್ಲೆ ಮಿಲಿಯಾ ಎಂಬ ಸುಮಾರು 1600 ಕಿ.ಮೀ. ರಸ್ತೆ ಓಟ. ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಓಡಿಸುತ್ತಿದ್ದರು, ಪಕ್ಕದಲ್ಲಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಅವರ ತೊಡೆಯ ಮೇಲೆ ಒಂದು ಅಲ್ಯೂಮಿನಿಯಂ ಡಬ್ಬಿ, ಒಳಗೆ ಐದು ಮೀಟರಿಗೂ ಉದ್ದದ ಕಾಗದದ ಸುರುಳಿ. ನಮ್ಮ ಹಿರಿಯರು ಜಾತಕ ಸುತ್ತಿಡುತ್ತಿದ್ದ ಹಾಗೆ ಇಡೀ ದಾರಿಯನ್ನು ಸುತ್ತಿಟ್ಟಿದ್ದರು. ತೆರೆದ ಕಾರು, ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಎಲ್ಲ ಕೈಸನ್ನೆಯಲ್ಲೇ. 10 ತಾಸು 7 ನಿಮಿಷದಲ್ಲಿ ಗೆದ್ದರು. ಈಗ ಹೆಲ್ಮೆಟ್ ಒಳಗೇ ಮೈಕು, ಸ್ಪೀಕರು. ನಿಮಗೆ ಒದರಿದಂತೆ ಕೇಳಿಸಿದ್ದು ಆ ಮೈಕಿನ ಸದ್ದು.

ನೋಟ್ಸ್ ಸರಿ ಇದ್ದರೂ ಮಣ್ಣುರಸ್ತೆ ಮೋಸ ಮಾಡುತ್ತದೆ. ಕಾರುಗಳು ಒಟ್ಟಿಗೆ ಹೊರಡುವುದಿಲ್ಲ, ಕೆಲವು ನಿಮಿಷಕ್ಕೊಂದರಂತೆ ಬಿಡುತ್ತಾರೆ. ಮೊದಲು ಹೋದವರು ಸಡಿಲ ಹರಳನ್ನೆಲ್ಲ ಗುಡಿಸಿ ಬದಿಗೆ ಹಾಕುತ್ತಾರೆ. ಹಿಂದೆ ಬಂದವರಿಗೆ ಗಟ್ಟಿ ನೆಲ ಸಿಗುತ್ತದೆ, ವೇಗ ಜಾಸ್ತಿ. ಮೊದಲ ದಿನ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಮುಂದಿರುವವರೇ ಮೊದಲು ಹೊರಡಬೇಕು ಅನ್ನೋದು ನಿಯಮ. ಗೆದ್ದವರಿಗೆ ಕಸಬರಿಗೆ ಕೊಟ್ಟಂತೆ ಅಲ್ವಾ? ಇನ್ನು ಗ್ರೀಸ್‌ನ ಅಕ್ರೋಪೊಲಿಸ್ ರ‍್ಯಾಲಿಯಂಥ ಒರಟು ಗುಡ್ಡದ ರಸ್ತೆಯಲ್ಲಿ ಅದೇ ದಾರಿಗೆ ಎರಡನೇ ಸಲ ಹೋಗುವಾಗ ಕಥೆಯೇ ಬೇರೆ. ಗಾಲಿಯ ಗುಂಡಿ ಬಿದ್ದಿರುತ್ತದೆ, ನೆಲದೊಳಗಿನ ಕಲ್ಲು ಮೇಲೆದ್ದಿರುತ್ತದೆ. ಬೆಳಿಗ್ಗೆಯ ಸಾಲಿಗೆ ಮಧ್ಯಾಹ್ನ ಹೊಸ ಗುರುತು ಸೇರಿಸಿಕೊಳ್ಳಬೇಕು. ತೊಗರಿ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಓಡಾಡಿದ ಹೊಲದ ದಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋ-ಡ್ರೈವರ್ ಕೆಲಸ ಓದುವುದಷ್ಟೇ ಅಲ್ಲ. ಸಮಯ ಅಳೆಯುವ ಒಂದೊಂದು ರಸ್ತೆಗೂ ಸ್ಟೇಜ್ ಅಂತಾರೆ. ಎರಡು ಸ್ಟೇಜ್ ನಡುವೆ ಸಾಮಾನ್ಯ ರಸ್ತೆಯಲ್ಲಿ ಎಲ್ಲರ ಹಾಗೆ ಟ್ರಾಫಿಕ್ ನಿಯಮ ಪಾಲಿಸಿ ಹೋಗಬೇಕು, ಹೇಳಿದ ನಿಮಿಷಕ್ಕೇ ಚೌಕಿ ಮುಟ್ಟಬೇಕು. ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಮುಂಚೆ ಹೋದರೆ ಪೂರಾ ಒಂದು ನಿಮಿಷ! ಆ ಲೆಕ್ಕವೂ ಇವರದೇ. ಅದಕ್ಕೇ ಕೋ-ಡ್ರೈವರಿಗೂ ವಿಶ್ವ ಚಾಂಪಿಯನ್ ಪಟ್ಟ ಬೇರೆಯಾಗಿ ಇದೆ. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ಸಲ ಗೆದ್ದಾಗ, ಪಕ್ಕದ ಡೇನಿಯಲ್ ಎಲೆನಾ ಕೂಡ ಒಂಬತ್ತು ಸಲ ಚಾಂಪಿಯನ್. 1981ರಲ್ಲಿ ಮಿಷೆಲ್ ಮೂಟೋನ್ ವಿಶ್ವ ರ‍್ಯಾಲಿಯ ಒಂದು ಸ್ಪರ್ಧೆ ಗೆದ್ದ ಮೊದಲ ಮಹಿಳೆಯಾದಾಗ ನೋಟ್ಸ್ ಓದಿದವರೂ ಮಹಿಳೆಯೇ, ಫಾಬ್ರಿಜಿಯಾ ಪೋನ್ಸ್.

ನಮ್ಮ ರಾಜ್ಯದಲ್ಲಿ ಇಂಥ ರ‍್ಯಾಲಿ ನೋಡಬೇಕೆಂದರೆ ಚಿಕ್ಕಮಗಳೂರಿನ ಕಾಫಿ ತೋಟದ ಕಡೆ ಹೋಗಬೇಕು. ನಮ್ಮ ಕಡೆಯೂ ಚಿಂಚೋಳಿಯ ಗುಡ್ಡ ಇದೆ, ಬೀದರಿನ ಕೆಂಪು ಮಣ್ಣಿದೆ. ಆದರೂ ಅಷ್ಟು ದೂರ ಹೋಗಬೇಕು. ಇರಲಿ.

ನಾನೂ ಒಮ್ಮೆ ಪೇಸ್ ನೋಟ್ಸ್ ಬರೆದು ನೋಡಿದ್ದೇನೆ. ಚಿಂಚೋಳಿ ಕಡೆ ನಮ್ಮ ಅಕ್ಕನ ಹೊಲಕ್ಕೆ ಒಂದೂವರೆ ಕಿ.ಮೀ. ಮುರುಂ ದಾರಿ. ಹಳೇ ಜೀಪು, ವೇಗ 25. ಪಕ್ಕದಲ್ಲಿ ಅಕ್ಕನ ಮಗ, ಪಿಯುಸಿ ಹುಡುಗ, ಕೈಯಲ್ಲಿ ಗಣಿತದ ನೋಟ್‌ಬುಕ್. ಮೊದಲ ಸುತ್ತಿನಲ್ಲಿ ನಾನು ಹೇಳಿದೆ, ಅವನು ಬರೆದ. ಎರಡನೇ ಸುತ್ತಿನಲ್ಲಿ ಓದೋಕೆ ಶುರು ಮಾಡಿದ. ನಾನು ತಿರುಗಿಸಿದ ಮೇಲೆ "ಎಡ ಮೂರು" ಅಂದ. ಮುಂಚೆ ಹೇಳೋ ಅಂದೆ. ಆಮೇಲೆ ಮೂರು ತಿರುವನ್ನು ಒಟ್ಟಿಗೆ ಹೇಳಿಬಿಟ್ಟ, ನನಗೆ ಮೊದಲನೆಯದೇ ಮರೆತುಹೋಯಿತು. ಓದುವುದಕ್ಕಿಂತ ಯಾವಾಗ ಓದಬೇಕು ಅನ್ನೋದೇ ಕಷ್ಟ ಅಂತ ಅಲ್ಲೇ ಗೊತ್ತಾಯಿತು. ಒಂದು ಕುಳಿಗೆ ಜೀಪು ಎಗರಿದಾಗ ಅವನಿಗೆ ಸಾಲು ತಪ್ಪಿತು. ಅಲ್ಲಿಂದ ಮುಂದೆ ಪುಸ್ತಕದ ಎಡವೆಲ್ಲ ರಸ್ತೆಯ ಬಲ. ಕೊನೆಗೆ ನೋಟ್ಸ್‌ನಲ್ಲಿ ಇಲ್ಲದ ಒಂದು ಎಮ್ಮೆ ಅಡ್ಡ ನಿಂತಿತ್ತು. ರ‍್ಯಾಲಿಯಲ್ಲಿ ಸ್ಟೇಜ್ ರಸ್ತೆಯನ್ನು ಪೂರ್ತಿ ಮುಚ್ಚಿಸುವುದು ಯಾಕೆ ಅಂತ ಆ ಎಮ್ಮೆಯೇ ತೋರಿಸಿಕೊಟ್ಟಿತು.

ಮನೆಗೆ ಬಂದು ಅವನ ಪುಸ್ತಕ ನೋಡಿದೆ. ನಾನು 5 ಅಂತ ಹೇಳಿದ ಎರಡು ತಿರುವಿಗೆ ಅವನು 2 ಅಂತ ಬರೆದಿದ್ದ. ಯಾಕೋ ಅಂದೆ. "ಮಾಮಾ, ನಿಮಗ ಅದು 5 ಇರಬಹುದು. ಬಾಜೂಕ ಕುಂತವಗ ಅದು 2 ಅದ" ಅಂದ.