ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿದರೆ ಬ್ಯಾಕಪ್ ಆದ ಹಾಗೇ ಅಲ್ವಾ?

ಪ್ರಶ್ನೆ: "ಮಾಷ್ಟ್ರೇ, ನಮ್ಮ ಸ್ಟುಡಿಯೋದ ಸರ್ವರ್‌ನಲ್ಲಿ ಜಾಗ ಮುಗಿಯುತ್ತಾ ಬಂತು. ಲಿನಕ್ಸ್ ಹಾಕಿದ್ದು. ಒಳಗೆ 2 ಟಿಬಿಯದ್ದು ಉಂಟು, ಈಗ 4 ಟಿಬಿಯದ್ದು ಒಂದು ತಂದಿಟ್ಟಿದ್ದೇವೆ. ಸೇರಿಸುವುದು ಹೇಗೆ? ಎರಡು ಡಿಸ್ಕ್ ಆದ ಮೇಲೆ ಬ್ಯಾಕಪ್‌ನ ಚಿಂತೆ ಇಲ್ಲ ಅಲ್ವಾ?"

ಇದು ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಬಂದ ಪ್ರಶ್ನೆ. ಇದನ್ನೇ ಕುಂಬಳೆಯವರು ಕೇಳಿದ್ದರು, ಅದಕ್ಕೂ ಮೊದಲು ಉಪ್ಪಳದವರು ಕೇಳಿದ್ದರು. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಒಮ್ಮೆ ಸರಿಯಾಗಿ ಬರೆದಿಡುತ್ತೇನೆ, ಬೇಕಾದವರು ಓದಿಕೊಳ್ಳಿ.

ಡಿಸ್ಕ್ ಸೇರಿಸುವುದು ಅರ್ಧ ಗಂಟೆಯ ಕೆಲಸ. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಹೊಸ ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಒಳಗೆ ಕೂರಿಸಿ. ಡೇಟಾ ಕೇಬಲ್, ಪವರ್ ಕೇಬಲ್ ಎರಡೂ ಗಟ್ಟಿಯಾಗಿ ಕೂತಿರಬೇಕು. ಆನ್ ಮಾಡಿ, ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ಎಲ್‌ಎಸ್‌ಬಿಎಲ್‌ಕೆ (lsblk) ಅಂತ ಹೊಡೆದರೆ ಎರಡು ಡಿಸ್ಕೂ ಕಾಣುತ್ತವೆ. ಟರ್ಮಿನಲ್ ಅಂದರೆ ಹೆದರಬೇಡಿ. ಕೇರಳದ ಶಾಲೆಗಳಲ್ಲಿ ಕಲಿಸುವುದೇ ಉಬುಂಟು ಅನ್ನುವ ಲಿನಕ್ಸ್, ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೂ ಅದೇ. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

4 ಟಿಬಿ ಅಂತ ತಂದದ್ದು 3.6 ಅಂತ ಕಾಣುತ್ತದೆ. ಅಂಗಡಿಯವರ ಮೋಸ ಅಲ್ಲ. ಕಂಪನಿಯದ್ದು ಸಾವಿರದ ಲೆಕ್ಕ, ಲಿನಕ್ಸ್ ತೋರಿಸುವುದು 1024ರ ಲೆಕ್ಕ.

ಫಾರ್ಮ್ಯಾಟ್ ಮಾಡುವ ಮೊದಲು ಆ ಚೀಟಿ ತೆಗೆದು, ಸ್ಕ್ರೀನಿನಲ್ಲಿ ಕಾಣುವ ಸೀರಿಯಲ್ ನಂಬರಿನೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಹಳೇ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಕೊಂಡು ಕೂತವರು ಇದ್ದಾರೆ. ಡಿಸ್ಕನ್ನು ಭಾಗ ಮಾಡುವ ಹಳೇ ಎಂಬಿಆರ್ ಪದ್ಧತಿ 4 ಟಿಬಿಗೆ ಸಾಲುವುದಿಲ್ಲ, ಜಿಪಿಟಿ ಅನ್ನುವ ಹೊಸ ಪದ್ಧತಿಯಲ್ಲಿ ಪಾರ್ಟಿಷನ್ ಮಾಡಿ. ಆಮೇಲೆ ಇಎಕ್ಸ್‌ಟಿ4 ಫಾರ್ಮ್ಯಾಟ್, ಒಂದು ಖಾಲಿ ಫೋಲ್ಡರ್, ಅದಕ್ಕೆ ಮೌಂಟ್, ಅಂದರೆ ಆ ಫೋಲ್ಡರ್ ತೆರೆದರೆ ಹೊಸ ಡಿಸ್ಕ್ ಕಾಣುವ ಹಾಗೆ ಜೋಡಿಸುವುದು. ಆನ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ ಬರೆಯುವಾಗ ಎಸ್‌ಡಿಬಿ ಅಂತ ಲಿನಕ್ಸ್ ಕೊಟ್ಟ ಹೆಸರು ಹಾಕಬೇಡಿ, ಬದಲಾಗದ ಗುರುತು ಸಂಖ್ಯೆಯಾದ ಯುಯುಐಡಿ ಹಾಕಿ. ಇವತ್ತು ಎಸ್‌ಡಿಬಿ ಆಗಿದ್ದದ್ದು ನಾಳೆ ಆನ್ ಮಾಡುವಾಗ ಎಸ್‌ಡಿಎ ಆದೀತು. ನೋಫೇಲ್ (nofail) ಅನ್ನುವ ಪದವೂ ಅಲ್ಲಿರಲಿ. ಇಲ್ಲದಿದ್ದರೆ ಆ ಡಿಸ್ಕ್ ಕೈಕೊಟ್ಟ ದಿನ ಸರ್ವರೇ ಪೂರ್ತಿ ಏಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ.

ಖಾಲಿ ಫೋಲ್ಡರ್ ಅಂದದ್ದು ಸುಮ್ನೆ ಅಲ್ಲ. ಫೈಲ್ ಇರುವ ಫೋಲ್ಡರಿಗೇ ಹೊಸ ಡಿಸ್ಕ್ ಮೌಂಟ್ ಮಾಡಿ, ರಾತ್ರಿ ಹತ್ತು ಗಂಟೆಗೆ "ಮಾಷ್ಟ್ರೇ, ಎಲ್ಲ ಹೋಯ್ತು" ಅಂತ ಫೋನ್ ಮಾಡುತ್ತಾರೆ. ಏನೂ ಹೋಗಿರುವುದಿಲ್ಲ. ಚಾಪೆಯ ಮೇಲೆ ಇನ್ನೊಂದು ಚಾಪೆ ಹಾಸಿದ ಹಾಗೆ, ಹಳೆಯದು ಅಡಿಯಲ್ಲಿ ಉಂಟು. ಅನ್‌ಮೌಂಟ್ ಮಾಡಿದರೆ ಮತ್ತೆ ಕಾಣುತ್ತದೆ.

ಇಷ್ಟೇ. ಇನ್ನು ಪ್ರಶ್ನೆಯ ಎರಡನೇ ಭಾಗ. ನಾನು ಬರೆಯಲಿಕ್ಕೆ ಕೂತದ್ದೇ ಅದಕ್ಕಾಗಿ.

ಎರಡು ಡಿಸ್ಕ್ ಇದ್ದರೆ ಬ್ಯಾಕಪ್ ಆಯ್ತು ಅನ್ನುವುದು ತಪ್ಪು. ಪೂರ್ತಿ ತಪ್ಪು. ಮೇಲೆ ಹೇಳಿದ ಹಾಗೆ ಸೇರಿಸಿದರೆ ನಿಮಗೆ ಸಿಕ್ಕಿದ್ದು ಜಾಗ ಮಾತ್ರ. ಎಲ್‌ವಿಎಂ ಹಾಕಿ ಎರಡನ್ನೂ ಒಂದೇ ದೊಡ್ಡ ಡಿಸ್ಕಿನ ಹಾಗೆ ಜೋಡಿಸಿದರೆ ಅಪಾಯ ಇನ್ನೂ ಜಾಸ್ತಿ. ಎರಡರಲ್ಲಿ ಯಾವುದು ಹಾಳಾದರೂ ಎಲ್ಲದಕ್ಕೂ ಕುತ್ತು.

ಇಲ್ಲಿಗೆ ಬರುವಾಗ ಯಾರಾದರೂ ತಡೆಯುತ್ತಾರೆ: "ಹಾಗಲ್ಲ, ನಮ್ಮದು ರೇಡ್ 1, ಮಿರರ್!" ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಟ್ಟಿಗೆ ದುಡಿಸುವ ಪದ್ಧತಿ, ಅದರಲ್ಲಿ ಮಿರರ್ ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಕ್ಷಣಕ್ಕೆ ಬರೆದಿರುತ್ತದೆ. ಸರಿ. ಅಳಿಸಿದರೆ? ಅದೂ ಅದೇ ಕ್ಷಣಕ್ಕೆ. ಯಕ್ಷಗಾನದ ಚೌಕಿಯಲ್ಲಿ ವೇಷ ಹಾಕುವವರು ಕನ್ನಡಿ ನೋಡಿಕೊಂಡು ಬಣ್ಣ ಹಚ್ಚುತ್ತಾರಲ್ವಾ? ಆಟ ಮುಗಿದು ಮುಖದ ಬಣ್ಣ ಒರೆಸಿದ ಮೇಲೆ ಕನ್ನಡಿಯಲ್ಲಿ ಬಣ್ಣ ಉಳಿದಿರುತ್ತದೆಯೇ?

ಇದು ನನ್ನ ಕಣ್ಣೆದುರು ಆದದ್ದು. ನಾನು ನೋಡಿಕೊಳ್ಳುವ ಒಂದು ಸ್ಟುಡಿಯೋದಲ್ಲಿ ಎರಡು ಡಿಸ್ಕಿನ ಮಿರರ್ ಇತ್ತು. ವರ್ಷಗಟ್ಟಲೆ ಸೇರಿಸಿದ ಯಕ್ಷಗಾನ, ತಾಳಮದ್ದಳೆಯ ರೆಕಾರ್ಡಿಂಗ್ ಎಲ್ಲ ಅದರಲ್ಲಿ. ಬೇರೆ ಕಡೆ ಕಾಪಿ ಇಡಿ ಅಂತ ಎಷ್ಟು ಸಲ ಹೇಳಿದ್ದೆನೋ. ಜಾಗ ಮಾಡಲಿಕ್ಕೆ ಅಂತ ಕೆಲಸದ ಹುಡುಗ ಒಂದು ಫೋಲ್ಡರ್ ಅಳಿಸಿದ. ಅದು ಕಾಪಿ ಅಂತ ಅವನ ಲೆಕ್ಕ. ಅದೇ ಅಸಲು. ಕೆಲವು ದಿನ ಯಾರಿಗೂ ಗೊತ್ತಾಗಲಿಲ್ಲ, ಅಷ್ಟರಲ್ಲಿ ಅದರ ಮೇಲೆ ಮದುವೆ ವಿಡಿಯೋಗಳು ತುಂಬಿದ್ದವು. ಯಜಮಾನರು ನನ್ನನ್ನು ಕರೆಸಿ, "ಎರಡನೇ ಡಿಸ್ಕಿನಿಂದ ತೆಗೆದುಕೊಡಿ ಮಾಷ್ಟ್ರೇ" ಅಂದರು, ತುಂಬ ನಂಬಿಕೆಯಿಂದ. ಮಿರರ್‌ನ ಸ್ಥಿತಿ ತೆಗೆದು ನೋಡಿದೆ. ಬ್ರಾಕೆಟ್ಟಿನೊಳಗೆ ಯು ಯು ಅಂತ ಎರಡು ಅಕ್ಷರ. ಎರಡು ಡಿಸ್ಕೂ ಆರೋಗ್ಯವಾಗಿವೆ ಅಂತ ಅರ್ಥ. ಎರಡರಲ್ಲೂ ಆ ಫೋಲ್ಡರ್ ಇಲ್ಲ. ಅದರಲ್ಲಿ ಈಗ ನಮ್ಮೊಂದಿಗೆ ಇಲ್ಲದ ಭಾಗವತರೊಬ್ಬರ ಪದಗಳಿದ್ದವು. ಇನ್ನೊಮ್ಮೆ ರೆಕಾರ್ಡ್ ಮಾಡಲಿಕ್ಕೆ ಎಲ್ಲಿಗೆ ಹೋಗುವುದು?

ರೇಡ್ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1988ರಲ್ಲಿ ಬರ್ಕ್ಲಿಯ ಮೂವರು ಸಂಶೋಧಕರು ಆ ಹೆಸರಿಟ್ಟು ಬರೆದಾಗ ಅವರ ಆಲೋಚನೆ, ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟಿಗೆ ದುಡಿಸುವುದು, ಒಂದು ಸತ್ತರೂ ಕೆಲಸ ನಿಲ್ಲದ ಹಾಗೆ ಮಾಡುವುದು. ಕೆಲಸ ನಿಲ್ಲಬಾರದು ಅನ್ನುವುದಕ್ಕೆ ಮಿರರ್ ಒಳ್ಳೆಯದೇ. ಆದರೆ ಕೈತಪ್ಪಿ ಅಳಿಸಿದ್ದು, ವೈರಸ್, ಕಳ್ಳತನ, ಸೋರುವ ಮಾಡು, ಸಿಡಿಲು, ಇವಕ್ಕೆ ಎರಡು ಡಿಸ್ಕೂ ಒಂದೇ. ಇನ್ನೊಂದು ಮಾತು: ನಿಮ್ಮ 2 ಮತ್ತು 4 ಟಿಬಿಯನ್ನು ಮಿರರ್ ಮಾಡಿದರೆ ಸಿಗುವುದು ಸಣ್ಣದರ ಅಳತೆ, 2 ಟಿಬಿಯೇ. ಜಾಗದ ಚಿಂತೆಯೂ ತೀರುವುದಿಲ್ಲ.

ಹಾಗಾದರೆ ಏನು ಮಾಡುವುದು? 4 ಟಿಬಿಯನ್ನು ಜಾಗಕ್ಕೆ ಅಂತಲೇ ಸೇರಿಸಿ. ಎಲ್ಲವೂ ಹಿಡಿಸುವಷ್ಟು ದೊಡ್ಡ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ವಾರಕ್ಕೊಮ್ಮೆ ಆರ್‌ಸಿಂಕ್ (rsync) ಅನ್ನುವ ಕಾಪಿ ಕಮಾಂಡಿನಲ್ಲಿ ಕಾಪಿ ಮಾಡಿ, ತೆಗೆದು ಮನೆಗೆ ಒಯ್ಯಿರಿ. ಸ್ಟುಡಿಯೋದಲ್ಲಿ ಇಡಬೇಡಿ. ಆರ್‌ಸಿಂಕ್‌ಗೆ ಡಿಲೀಟ್ ಅನ್ನುವ ಆಯ್ಕೆ ಕೊಡಬೇಡಿ, ಕೊಟ್ಟರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿದೀತು. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದು ಫೈಲ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸಿಡಿಲಿನ ಮಾತು ಬಂತಲ್ವಾ, ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ದೀಪಾವಳಿ ಹೊತ್ತಿಗೆ ಸಂಜೆ ನಮ್ಮಲ್ಲಿ ಎಂಥ ಗುಡುಗು ಅಂತ ನಿಮಗೆ ಗೊತ್ತು. ಎಲ್ಲರೂ ಪ್ಲಗ್ ಎಳೆಯುತ್ತಾರೆ, ಲ್ಯಾನ್ ವಯರ್ ಹಾಗೇ ಬಿಡುತ್ತಾರೆ. "ನಮ್ಮದು ಫೈಬರ್, ಅದಕ್ಕೆ ಸಿಡಿಲಿನ ಭಯ ಇಲ್ಲ" ಅನ್ನುತ್ತಾರೆ. ಫೈಬರ್ ಮೋಡೆಮ್‌ವರೆಗೆ ಮಾತ್ರ. ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿ ಉಂಟು, ಅಲ್ಲಿಂದ ಸರ್ವರಿಗೆ ಬರುವ ವಯರ್ ತಾಮ್ರದ್ದು. ಕರೆಂಟಿನ ಲೈನಿನಲ್ಲಿ ಬಂದ ಸಿಡಿಲಿಗೆ ಅಷ್ಟು ದಾರಿ ಸಾಕು. ಸಿಸಿಟಿವಿ ವಯರೂ ಹಾಗೆಯೇ. ಪಡುವಣದಲ್ಲಾಗಲಿ ಮೂಡಣದಲ್ಲಾಗಲಿ ಮೋಡ ಕಟ್ಟುವಾಗಲೇ ಸರ್ವರ್ ಶಟ್‌ಡೌನ್ ಮಾಡಿ, ಪ್ಲಗ್, ಲ್ಯಾನ್ ಎರಡೂ ಎಳೆಯಿರಿ. ಗುಡುಗು ತಲೆ ಮೇಲೆ ಬಂದ ಮೇಲೆ ಯಾವ ವಯರನ್ನೂ ಮುಟ್ಟಲಿಕ್ಕೆ ಹೋಗಬೇಡಿ, ಜೀವಕ್ಕೇ ಅಪಾಯ. ಆಗ ಸರ್ವರ್ ಹೋದರೆ ಹೋಗಲಿ. ಇನ್ನೊಂದು ಕಾಪಿ ಮನೆಯ ಕಪಾಟಿನಲ್ಲಿ, ಯಾವ ವಯರೂ ಇಲ್ಲದೆ ಇರುತ್ತದಲ್ಲ.