ಮೂರು ಪಟ್ಟು ಅಂದರೆ ಎಷ್ಟು? ಎಎಫ್ ತಪಾಸಣೆಯ ಟಿಪ್ಪಣಿ

ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್‌, ಬಂದರೆ ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಸರಿಯಾಗಿ ಮಿಡಿಯದೆ ಅದುರುತ್ತದೆ. ಅದರ ಮೂಲೆಯ ಪುಟ್ಟ ಚೀಲದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಇಷ್ಟು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ಹಾಗಾದರೆ ಎಲ್ಲರಲ್ಲೂ ಎಎಫ್ ಹುಡುಕಿದರಾಯಿತಲ್ಲ? ಡೆನ್ಮಾರ್ಕಿನ ಲೂಪ್ ಪ್ರಯೋಗ (2021) ಇದಕ್ಕೆ ತಣ್ಣೀರೆರಚಿತು. ಲಕ್ವದ ಅಪಾಯವಿದ್ದ 70ರಿಂದ 90 ವಯಸ್ಸಿನ 6,004 ಜನರಲ್ಲಿ ಕೆಲವರ ಚರ್ಮದಡಿ ಹೃದಯ ಬಡಿತದ ರೆಕಾರ್ಡರ್ ಇಟ್ಟರು. ಅವರಲ್ಲಿ ಎಎಫ್ ಸಿಕ್ಕಿದ್ದು 31.8%, ಉಳಿದವರಲ್ಲಿ 12.2%. ಲಕ್ವ ಅಥವಾ ಬೇರೆ ರಕ್ತನಾಳಕ್ಕೆ ಹೆಪ್ಪು ಹೋಗಿದ್ದು 4.5% ಮತ್ತು 5.6%, ಈ ಅಂತರವನ್ನು ಸಂಖ್ಯಾಶಾಸ್ತ್ರ ಒಪ್ಪಲಿಲ್ಲ, ಅಂದರೆ ಅದು ಆಕಸ್ಮಿಕವೂ ಇರಬಹುದು. ಸಿಕ್ಕ ಎಎಫ್ ಎಲ್ಲವೂ ಲಕ್ವ ತರುವ ಎಎಫ್ ಅಲ್ಲ.

ಯಾರಲ್ಲಿ ಹುಡುಕಬೇಕು ಅನ್ನುವಲ್ಲಿ ಜೀನ್ ಬರುತ್ತದೆ. 2007ರಲ್ಲಿ ಐಸ್‌ಲ್ಯಾಂಡಿನವರು 4ನೇ ಕ್ರೋಮೋಸೋಮಿನಲ್ಲಿ ಪಿಟ್‌ಎಕ್ಸ್2 ಜೀನಿನ ಹತ್ತಿರ, ಎಎಫ್ ಅಪಾಯ ಹೆಚ್ಚಿಸುವ, ಅನೇಕರಲ್ಲಿ ಇರುವ ಡಿಎನ್ಎ ವ್ಯತ್ಯಾಸದ ಮೊದಲ ಗುರುತು ಹಿಡಿದರು. ಈಗ ಇಂಥ ಅಸಂಖ್ಯ ಗುರುತುಗಳನ್ನು ಕೂಡಿಸಿ ಒಂದು ಸ್ಕೋರ್ ಮಾಡುತ್ತಾರೆ. 2018ರ ಒಂದು ಅಧ್ಯಯನದಲ್ಲಿ ಸುಮಾರು 6% ಜನರಿಗೆ ಎಎಫ್ ಬರುವ ಅಪಾಯ ಉಳಿದವರಿಗಿಂತ ಮೂರು ಪಟ್ಟು.

ನಾನು ಎಡವಿದ್ದು ಈ 'ಮೂರು ಪಟ್ಟು' ಮೇಲೆ. ಸ್ಕೋರ್ ಹೆಚ್ಚಿದ್ದವರಿಗೆಲ್ಲ ಎದೆಗೆ ಹೃದಯ ಬಡಿತ ದಾಖಲಿಸುವ ಪ್ಯಾಚ್ ಅಂಟಿಸಿಬಿಡೋಣ ಅಂದುಕೊಂಡಿದ್ದೆ. ಸುಮ್ಮನೆ ಲೆಕ್ಕಕ್ಕೆ ಒಂದಿಷ್ಟು ಅಂಕಿ ಹಿಡಿಯಿರಿ. ನಮ್ಮ ಮೆಟ್ರೋದಲ್ಲಿ ಆಫೀಸಿಗೆ ಹೋಗುವ ಮೂವತ್ತರ ವಯಸ್ಸಿನ 1,000 ಜನರಲ್ಲಿ ಎಎಫ್ ಇರುವವರು 1 ಅನ್ನಿ. ಮೂರು ಪಟ್ಟು ಅಂದರೆ 3. ಉಳಿದ 997 ಪ್ಯಾಚ್ ದಂಡ. ಲಾಲ್‌ಬಾಗಿನಲ್ಲಿ ಬೆಳಗ್ಗೆ ನಡೆಯುವ ಎಪ್ಪತ್ತರ 1,000 ಜನರಲ್ಲಿ 40 ಅನ್ನಿ; ಮೂರು ಪಟ್ಟು 120. ಅದೇ ಜೀನ್, ಅದೇ ಪಟ್ಟು! ಈಗ ನಾನು ನೆನಪಿಟ್ಟುಕೊಳ್ಳೋದು ಹೀಗೆ: ಪಟ್ಟು ಎಷ್ಟು ಅಂತ ಜೀನ್ ಹೇಳುತ್ತದೆ, ಎಷ್ಟರ ಪಟ್ಟು ಅಂತ ವಯಸ್ಸು ಹೇಳುತ್ತದೆ.

ಎಎಫ್ ಸಿಕ್ಕವರಿಗೆ ಹೆಪ್ಪುಗಟ್ಟದಂತೆ ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕೋ ಬೇಡವೋ ಅನ್ನೋದು ಬೇರೆ ಪ್ರಶ್ನೆ. ಅಲ್ಲಿ ವಯಸ್ಸು, ಬಿಪಿ, ಶುಗರ್, ಹಳೆಯ ಲಕ್ವ ಇಂಥವನ್ನೇ ನೋಡುತ್ತಾರೆ.

ಇನ್ನು ನಮ್ಮ ಕಥೆ. ಈ ಸ್ಕೋರುಗಳು ಹುಟ್ಟಿದ್ದು ಬಹುಪಾಲು ಯುರೋಪಿನ ಮೂಲದವರ ರಕ್ತದಿಂದ, ನಮಗೆ ಹಾಗೇ ಹೊಂದುವುದಿಲ್ಲ. ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ 10,000 ಭಾರತೀಯರ ಜೀನೋಮ್ ಓದಿದೆ, ಸರಿ. ಆದರೆ ಸ್ಕೋರಿಗೆ ಜೀನೋಮ್ ಒಂದೇ ಸಾಲದು. ಯಾರಿಗೆ ಎಎಫ್ ಬಂತು ಅನ್ನುವ ವರ್ಷಗಟ್ಟಲೆಯ ದಾಖಲೆಯೂ ಬೇಕು. ಮೇಲಾಗಿ ಇಲ್ಲಿ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಎಎಫ್ ಬಂದವರೂ ಇದ್ದಾರೆ. ಅವರಿಗೆ ಜೀನ್ ಸ್ಕೋರಿಗಿಂತ ಮೊದಲು ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಬೇಕು.