ಹ್ಯಾರಿ ಪಾಟರ್ ಪುಟಗಳಲ್ಲಿ ಕತ್ತರಿಗೆ ಸಿಕ್ಕ ಹುಡುಗ

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕದಲ್ಲಿ ಒಂದು ದೃಶ್ಯ ಇದೆ. ಹಾಗ್ವರ್ಟ್ಸ್ ಎಂಬ ಮಂತ್ರವಿದ್ಯೆಯ ಶಾಲೆಗೆ ಹೊಸದಾಗಿ ಬಂದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ತಲೆ ಮೇಲೆ ಹಳೇ ಟೋಪಿ ಇಡುತ್ತಾರೆ. ಯಾರು ಯಾವ ಹೌಸ್‌ಗೆ, ಅಂದರೆ ಶಾಲೆಯ ಯಾವ ಬಣಕ್ಕೆ, ಸೇರಬೇಕು ಎಂದು ಟೋಪಿ ಹೇಳುತ್ತದೆ. ಕೊನೆಕೊನೆಗೆ, ಇನ್ನು ಮೂವರು ಮಾತ್ರ ಉಳಿದಿದ್ದಾರೆ ಎಂಬ ಮಾತು ಬರುತ್ತದೆ. ಹಳೆಯ ಅಮೆರಿಕನ್ ಪ್ರತಿ ನಿಮ್ಮ ಕೈಯಲ್ಲಿದ್ದರೆ ಅಲ್ಲಿಂದ ಮುಂದಕ್ಕೆ ಬೆರಳು ಮಡಚಿ ಎಣಿಸಿ. ಡೀನ್ ಥಾಮಸ್, ಲೀಸಾ ಟರ್ಪಿನ್, ರಾನ್ ವೀಸ್ಲಿ, ಬ್ಲೇಸ್ ಜಬೀನಿ. ನಾಲ್ವರು!

ಬ್ರಿಟಿಷ್ ಪ್ರತಿಯಲ್ಲಿ ಲೆಕ್ಕ ಸರಿಯಾಗಿದೆ. ಯಾಕೆಂದರೆ ಆ ಸಾಲಿನಲ್ಲಿ ಡೀನ್ ಇಲ್ಲವೇ ಇಲ್ಲ.

ನಮ್ಮಲ್ಲಿ ಮಾರಾಟವಾಗಿದ್ದು ಬ್ರಿಟಿಷ್ ಪ್ರತಿ. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಕೊಂಡಿದ್ದೂ ಅದೇ, ಲೈಬ್ರರಿಯಿಂದ ತಂದಿದ್ದೂ ಅದೇ. ಹಾಗಾಗಿ ಡೀನ್ ಒಬ್ಬ ಕಪ್ಪು ಹುಡುಗ, ಹ್ಯಾರಿಯ ಗೆಳೆಯ ರಾನ್‌ಗಿಂತ ಎತ್ತರ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ನೆಂಟರೊಬ್ಬರು ಅಮೆರಿಕದಿಂದ ತಂದ ಪುಸ್ತಕ ಸುಮ್ನೆ ತಿರುವಿ ಹಾಕುವಾಗ ಆ ಒಂದು ಸಾಲು ಕಣ್ಣಿಗೆ ಬಿತ್ತು. ಒಂದೇ ಪುಸ್ತಕ, ಎರಡು ದೇಶ, ಒಬ್ಬ ಹುಡುಗನ ಸಾಲು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಸರಣಿ ಶುರುವಾದ ದಿನಗಳಿಗೆ ಹೋಗಬೇಕು.

ಹನ್ನೆರಡು ಪ್ರಕಾಶಕರು ಬೇಡ ಎಂದ ಮೇಲೆ ಜೆ.ಕೆ. ರೌಲಿಂಗ್ ಅವರ ಹಸ್ತಪ್ರತಿ ಲಂಡನ್ನಿನ ಬ್ಲೂಮ್ಸ್‌ಬರಿ ಪ್ರಕಾಶನಕ್ಕೆ ಬಂತು. ಅದನ್ನು ಒಪ್ಪಿದವರು ಅಲ್ಲಿನ ಮಕ್ಕಳ ಪುಸ್ತಕಗಳ ಸಂಪಾದಕ ಬ್ಯಾರಿ ಕನ್ನಿಂಗ್‌ಹ್ಯಾಮ್. ಮಕ್ಕಳ ಪುಸ್ತಕ ಬರೆದು ಹೊಟ್ಟೆ ಹೊರೆಯುವುದು ಕಷ್ಟ, ಒಂದು ಕೆಲಸ ನೋಡಿಕೊಳ್ಳಿ ಎಂದು ಲೇಖಕಿಗೆ ಬುದ್ಧಿ ಹೇಳಿದವರೂ ಅವರೇ. ಆಗ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 1997ರ ಜೂನ್ 26ರಂದು ಪುಸ್ತಕ ಬಂದಾಗ ಗಟ್ಟಿ ರಟ್ಟಿನ ಪ್ರತಿ ಅಚ್ಚಾಗಿದ್ದು ಬರೀ 500.

ಲೇಖಕಿಯ ಹೆಸರೂ ಸಂಪಾದಕರ ಮೇಜಿನ ಮೇಲೆಯೇ ಬದಲಾಯಿತು. ಹೆಂಗಸಿನ ಹೆಸರು ಕಂಡರೆ ಗಂಡುಹುಡುಗರು ಪುಸ್ತಕ ಮುಟ್ಟಲಿಕ್ಕಿಲ್ಲ ಎಂಬ ಅಳುಕು ಪ್ರಕಾಶಕರಿಗೆ. ಜೋಆನ್ ಎಂಬುದರ ಬದಲು ಎರಡು ಇನಿಷಿಯಲ್ ಕೊಡಿ ಎಂದರು. ಅವರಿಗೆ ಇದ್ದದ್ದು ಒಂದೇ. ಅಜ್ಜಿ ಕ್ಯಾಥ್ಲೀನ್ ಹೆಸರಿನಿಂದ ಇನ್ನೊಂದು ಅಕ್ಷರ ತೆಗೆದುಕೊಂಡರು. ನಮ್ಮಲ್ಲಿ ಇನಿಷಿಯಲ್ ಎಂದರೆ ಅಪ್ಪನದೋ ಊರಿನದೋ ಗುರುತು. ಅಲ್ಲಿ ಅದು ಹೆಣ್ಣೆಂದು ತೋರಿಸಿಕೊಳ್ಳದಿರಲು ಹಾಕಿದ ಪರದೆ ಆಯಿತು. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಇನ್ನು ಡೀನ್ ವಿಷಯ. ಟೋಪಿಯ ಅಧ್ಯಾಯ ತುಂಬಾ ಉದ್ದವಾಯಿತು ಎಂದು ಬ್ರಿಟಿಷ್ ಸಂಪಾದಕರಿಗೆ ಅನಿಸಿತು. ಕತೆಗೆ ಬೇಕೇಬೇಕು ಅನಿಸದ್ದನ್ನೆಲ್ಲ ಸವರಿದರು. ಡೀನ್ ಸಾಲೂ ಹೋಯಿತು. ಇದನ್ನು ರೌಲಿಂಗ್ ಅವರೇ ಮುಂದೆ ಹೇಳಿದ್ದಾರೆ. ಅಮೆರಿಕನ್ ಪ್ರತಿಯಲ್ಲಿ ಸಾಲು ಉಳಿಯಿತು, ಆದರೆ ‘ಮೂವರು’ ಹಾಗೇ ಇತ್ತು. ಅದಕ್ಕೇ ಆ ತಪ್ಪು ಲೆಕ್ಕ.

ಸಂಪಾದಕರ ಕೆಲಸವೇ ಸವರುವುದು, ಒಪ್ಪುತ್ತೇನೆ. ಮಕ್ಕಳ ಪುಸ್ತಕದಲ್ಲಿ ಓಟ ಮುಖ್ಯ. ಆದರೆ ಯಾವುದು ‘ಹೆಚ್ಚುವರಿ’ ಅನಿಸುತ್ತದೆ ಎನ್ನುವುದು ನೋಡುವ ಕಣ್ಣಿನ ಮೇಲೆ ನಿಂತಿದೆ. ಆ ಸಾಲಿನ ಉದ್ದ ಸುಮಾರು ಹದಿನೈದು ಪದ. ಅಷ್ಟು ಉಳಿಸಲು ಹೋಗಿ, ಹ್ಯಾರಿಯ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಹುಡುಗನ ಮುಖವನ್ನೇ ಅಳಿಸಿದಂತಾಯಿತು. ತಮಾಷೆಗಲ್ಲ ಹೇಳುತ್ತಿರುವುದು. ಕಪ್ಪು ಬಣ್ಣದ ಎಷ್ಟು ಮಕ್ಕಳು ಆ ಪುಸ್ತಕದಲ್ಲಿ ತಮ್ಮಂಥವನನ್ನು ಹುಡುಕಿರಬಹುದು, ಅಲ್ವಾ?

ಅದೇ ಪುಸ್ತಕದಲ್ಲಿ, ಸವರಬೇಕಾಗಿದ್ದ ಒಂದು ಸಾಲು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲ ಮುದ್ರಣದ 53ನೇ ಪುಟ ನೋಡಿ. ಹೊಸ ವಿದ್ಯಾರ್ಥಿಗಳು ತರಬೇಕಾದ ಸಾಮಾನಿನ ಪಟ್ಟಿ ಅಲ್ಲಿದೆ. ಮೇಲೆ ‘ಮಂತ್ರದಂಡ 1’ ಎಂದಿದೆ. ಕಡಾಯಿ, ಗಾಜಿನ ಬಾಟಲಿ, ದೂರದರ್ಶಕ, ತಕ್ಕಡಿ ಎಲ್ಲ ಆದಮೇಲೆ ಕೊನೆಗೆ ಮತ್ತೆ ‘ಮಂತ್ರದಂಡ 1’. ಇವತ್ತು ಹಳೇ ಪುಸ್ತಕ ಸಂಗ್ರಹಿಸುವವರು ಮೊದಲ ಮುದ್ರಣವೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯಲು ಈ ತಪ್ಪನ್ನೂ ನೋಡುತ್ತಾರೆ.

ಸಮುದ್ರದ ಆಚೆ ಆಗಿದ್ದು ಬೇರೆ ಕತೆ. 1997ರಲ್ಲಿ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದ ಹೊತ್ತಿನಲ್ಲಿ ಸ್ಕೊಲಾಸ್ಟಿಕ್ ಸಂಸ್ಥೆಯ ಆರ್ಥರ್ ಲೆವೈನ್ 1,05,000 ಡಾಲರ್ ಕೊಟ್ಟು ಅಮೆರಿಕದ ಹಕ್ಕು ಕೊಂಡರು. ಹೊಸ ಲೇಖಕಿಯ ಮಕ್ಕಳ ಪುಸ್ತಕಕ್ಕೆ ಅದು ಭಾರೀ ಮೊತ್ತ. ಬ್ರಿಟಿಷ್ ಹೆಸರಾದ ‘ಫಿಲಾಸಫರ್ಸ್ ಸ್ಟೋನ್’ನಲ್ಲಿದ್ದ ‘ಫಿಲಾಸಫರ್’ ಎಂಬ ಪದ ಅವರಿಗೆ ಸರಿ ಕಾಣಲಿಲ್ಲ. ಅಮೆರಿಕದ ಮಕ್ಕಳು ಇದನ್ನು ಒಣ ತತ್ವಶಾಸ್ತ್ರದ ಪುಸ್ತಕ ಅಂದುಕೊಂಡಾರು ಎಂಬ ಭಯ. ‘ಸ್ಕೂಲ್ ಆಫ್ ಮ್ಯಾಜಿಕ್’ ಎಂದು ಇಡೋಣವೇ ಎಂದರು. ಅದು ಲೇಖಕಿಗೆ ಹಿಡಿಸಲಿಲ್ಲ. ‘ಸಾರ್ಸರರ್ಸ್ ಸ್ಟೋನ್’, ಅಂದರೆ ಮಾಂತ್ರಿಕನ ಕಲ್ಲು, ಎಂಬಲ್ಲಿಗೆ ರಾಜಿಯಾಯಿತು. ಆ ಹೆಸರಿನಲ್ಲೇ 1998ರ ಸೆಪ್ಟೆಂಬರ್‌ನಲ್ಲಿ ಪುಸ್ತಕ ಬಂತು. ಆಗ ಒಪ್ಪಬಾರದಿತ್ತು ಎಂದು ರೌಲಿಂಗ್ ಮುಂದೆ ಹೇಳಿಕೊಂಡರು.

ನನಗೂ ಹಾಗೇ ಅನಿಸುತ್ತದೆ. ‘ಫಿಲಾಸಫರ್ಸ್ ಸ್ಟೋನ್’ ಎಂದರೆ ಸುಮ್ಮನೆ ಇಟ್ಟ ಹೆಸರಲ್ಲ. ಕಬ್ಬಿಣ, ಸೀಸವನ್ನು ಚಿನ್ನ ಮಾಡುತ್ತದೆ ಎಂದು ಯುರೋಪಿನ ರಸವಾದಿಗಳು ನೂರಾರು ವರ್ಷ ಹುಡುಕಿದ ಕಲ್ಲು ಅದು. ಕತೆಯಲ್ಲಿ ಆ ಕಲ್ಲು ಮಾಡಿದವನಾಗಿ ಬರುವ ನಿಕೊಲಾಸ್ ಫ್ಲಾಮೆಲ್ ಕೂಡ ನಿಜವಾಗಿ ಬದುಕಿದ್ದವನು. 1418ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನಲ್ಲಿ ಅವನು ಕಟ್ಟಿಸಿದ ಮನೆ ಇನ್ನೂ ನಿಂತಿದೆ. ಹೆಸರು ಬದಲಾದಾಗ ಆ ಕೊಂಡಿ ಕಳಚಿತು. ಕನ್ನಡದ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಪರುಷಮಣಿ ಎಂದರೆ ಸಾಕು, ಮುಟ್ಟಿದ್ದೆಲ್ಲ ಚಿನ್ನ ಎಂದು ಮಗುವಿಗೂ ಹೊಳೆಯುತ್ತದೆ. ಅದನ್ನು ತೆಗೆದು ‘ಮಂತ್ರವಾದಿಯ ಕಲ್ಲು’ ಎಂದರೆ ಹೇಗಿರುತ್ತದೆ? ಹಿಂದಿ ಅನುವಾದ ಮಾಡಿದವರು ಸರಿಯಾಗಿ ‘ಪಾರಸ್ ಪತ್ಥರ್’ ಎಂದೇ ಇಟ್ಟರು.

ಎರಡು ದೇಶ, ಎರಡು ಪ್ರತಿ, ಎರಡು ಬಿಡುಗಡೆ ದಿನ. ಈ ಅಂತರವೇ ಮುಂದೆ ಸಂಪಾದಕರ ಕುತ್ತಿಗೆಗೆ ಬಂತು. ಎರಡನೇ ಪುಸ್ತಕ ಬ್ರಿಟನ್‌ನಲ್ಲಿ 1998ರ ಜುಲೈನಲ್ಲಿ ಬಂದರೆ ಅಮೆರಿಕದಲ್ಲಿ 1999ರ ಜೂನ್‌ನಲ್ಲಿ ಬಂತು. ಅಲ್ಲಿನ ಓದುಗರು ಅಷ್ಟು ದಿನ ಕಾಯುತ್ತಾರೆಯೇ? ಇಂಟರ್ನೆಟ್‌ನಲ್ಲಿ ಬ್ರಿಟನ್‌ನಿಂದಲೇ ಪುಸ್ತಕ ತರಿಸಿಕೊಂಡರು. ಮೂರನೆಯದಕ್ಕೆ ಅಂತರ ಎರಡು ತಿಂಗಳಿಗೆ ಇಳಿಯಿತು. ನಾಲ್ಕನೆಯದು, ‘ಗಾಬ್ಲೆಟ್ ಆಫ್ ಫೈರ್’, ಎರಡೂ ಕಡೆ ಒಂದೇ ದಿನ, 2000ದ ಜುಲೈ 8ರಂದು ಬಂತು. ಅಲ್ಲಿಗೆ ತಾರೀಖೇ ಯಜಮಾನ ಆಯಿತು.

ಆ ನಾಲ್ಕನೇ ಪುಸ್ತಕವೋ, ಬರೆಯುವಾಗಲೇ ಕಾಡಿತ್ತು. ಅರ್ಧ ದಾರಿಯಲ್ಲಿ ಕತೆಯ ಹಂದರದಲ್ಲಿ ದೊಡ್ಡ ತೂತು ಕಂಡಿತು. ವೀಸ್ಲಿ ಮನೆಯ ದೂರದ ನೆಂಟಳು ಮಫಾಲ್ಡಾ ಎಂಬ ಪುಟ್ಟ ಹುಡುಗಿಯನ್ನು ರೌಲಿಂಗ್ ಪೂರ್ತಿಯಾಗಿ ತೆಗೆದುಹಾಕಬೇಕಾಯಿತು. ಗುಟ್ಟುಗಳನ್ನು ಹೊರಗೆ ತರುವುದು ಅವಳ ಪಾತ್ರ. ಶಾಲೆಯೊಳಗಿನ ಹನ್ನೊಂದು ವರ್ಷದ ಹುಡುಗಿಗೆ ಎಷ್ಟು ಗುಟ್ಟು ತಿಳಿದೀತು? ಆ ಕೆಲಸ ಪತ್ರಕರ್ತೆ ರೀಟಾ ಸ್ಕೀಟರ್ ಪಾಲಿಗೆ ಬಂತು. ಒಂಬತ್ತನೇ ಅಧ್ಯಾಯವನ್ನಂತೂ ಹದಿಮೂರು ಸಲ ತಿದ್ದಿ ಬರೆದರು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಎಡಿಟಿಂಗ್‌ಗೆ ಸಮಯವೇ ಉಳಿದಿರಲಿಲ್ಲ.

ಫಲ ಕಂಡದ್ದು ಪುಸ್ತಕದ ಬಹಳ ದೊಡ್ಡ ಗಳಿಗೆಯಲ್ಲಿ. ಸ್ಮಶಾನದಲ್ಲಿ ಹ್ಯಾರಿಗೂ, ಅವನ ಅಪ್ಪ ಅಮ್ಮನನ್ನು ಕೊಂದ ದುಷ್ಟ ಮಾಂತ್ರಿಕ ವೊಲ್ಡೆಮಾರ್ಟ್‌ಗೂ ಕಾಳಗ. ವೊಲ್ಡೆಮಾರ್ಟ್‌ನ ದಂಡದಿಂದ ಅವನು ಕೊಂದವರ ನೆರಳುಗಳು ಒಂದೊಂದಾಗಿ ಹೊರಬರುತ್ತವೆ, ಕೊನೆಗೆ ಸತ್ತವರು ಮೊದಲು. ಹ್ಯಾರಿಯ ಅಪ್ಪ ಮೊದಲು ಸತ್ತವನು, ಅಮ್ಮ ಆಮೇಲೆ. ಅಂದಮೇಲೆ ಇಲ್ಲಿ ಅಮ್ಮನೇ ಮೊದಲು ಬರಬೇಕು. ಮೊದಲ ಮುದ್ರಣಗಳಲ್ಲಿ ಅಪ್ಪ ಮೊದಲು ಬಂದ! ಹಸ್ತಪ್ರತಿಯಲ್ಲಿ ಸರಿಯಾಗಿಯೇ ಇತ್ತು. ಇದು ಹಿಂದುಮುಂದಾಗಿದೆ ಎಂದು ಅಮೆರಿಕದ ಸಂಪಾದಕರಿಗೆ ಅನಿಸಿತು. ಸಣ್ಣ ತಪ್ಪು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಹಾಗಾಗಿ ರೌಲಿಂಗ್ ಯೋಚಿಸದೆ ಬದಲಿಸಿದರು. ಎಲ್ಲರಿಗೂ ನಿದ್ದೆ ಇರಲಿಲ್ಲ ಎಂದು ಆಮೇಲೆ ಅವರೇ ವಿವರಿಸಿದರು. ಓದುಗರು ಮಾತ್ರ ಇದರಲ್ಲೇನೋ ಗುಟ್ಟಿದೆ ಎಂದು ತಲೆ ಕೆಡಿಸಿಕೊಂಡರು. ಮುಂದಿನ ಮುದ್ರಣಗಳಲ್ಲಿ ಸರಿಪಡಿಸಿದರು.

ಐದನೆಯದು 2003ರಲ್ಲಿ ಬಂದಾಗ ಬ್ರಿಟಿಷ್ ಪ್ರತಿಯಲ್ಲೇ 766 ಪುಟ. ಮೊದಲ ಪುಸ್ತಕಕ್ಕೆ ಇದ್ದದ್ದು 223. ಒಂದು ಅಧ್ಯಾಯ ಉದ್ದವಾಯಿತೆಂದು ಡೀನ್ ಸಾಲು ಸವರಿದ ದಿನಗಳು ಎಲ್ಲಿ, ಇದೆಲ್ಲಿ! ಐದನೆಯದು ಇನ್ನೂ ಚಿಕ್ಕದಿರಬಹುದಿತ್ತು ಎಂದು ಲೇಖಕಿಗೇ ಅನಿಸಿದ್ದುಂಟು.

ಡೀನ್‌ಗೆ ಮುಖ ಸಿಕ್ಕಿದ್ದು ಸಿನಿಮಾದಿಂದ. ನಟರನ್ನು ಆರಿಸುವಾಗ, ಅವನು ಲಂಡನ್ನಿನ ಕಪ್ಪು ಹುಡುಗ ಎಂದು ರೌಲಿಂಗ್ ನಿರ್ದೇಶಕ ಕ್ರಿಸ್ ಕೊಲಂಬಸ್‌ಗೆ ಹೇಳಿದರು. ಇಷ್ಟು ಸಣ್ಣ ಪಾತ್ರದ ಬಗ್ಗೆ ಲೇಖಕಿಗೆ ಇಷ್ಟೆಲ್ಲ ಗೊತ್ತೇ ಎಂದು ಕೊಲಂಬಸ್‌ಗೆ ಅಚ್ಚರಿ. ಅವರ ಬಳಿ ಅವನ ಪೂರ್ತಿ ಕತೆಯೇ ಇತ್ತು. ಡೀನ್ ಚಿಕ್ಕವನಿದ್ದಾಗ ಬಿಟ್ಟುಹೋದ ಅಪ್ಪ ನಿಜಕ್ಕೂ ಮಾಂತ್ರಿಕ. ವೊಲ್ಡೆಮಾರ್ಟ್‌ನ ಕಡೆ ಸೇರಲ್ಲ ಎಂದದ್ದಕ್ಕೆ ಅವನನ್ನು ಕೊಂದಿದ್ದರು. ಎರಡನೇ ಪುಸ್ತಕದ ಕರಡಿನಲ್ಲಿ ಡೀನ್‌ನ ಈ ಹಿನ್ನೆಲೆ ಇತ್ತು. ಕತೆ ದಾರಿ ತಪ್ಪುತ್ತದೆ ಎಂದು ಈ ಸಲ ಲೇಖಕಿಯೇ ತೆಗೆದರು.

2007ರಲ್ಲಿ ಬಂದ ಏಳನೇ ಪುಸ್ತಕದಲ್ಲಿ ಡೀನ್ ತಲೆಮರೆಸಿಕೊಂಡು ಕಾಡು ಅಲೆಯುತ್ತಿದ್ದಾನೆ. ಮಾಂತ್ರಿಕರ ವಂಶದವರಲ್ಲದವರನ್ನು ಹಿಡಿಯುತ್ತಿರುವ ಕಾಲ ಅದು. ತಾನು ಆ ವಂಶದವನು ಎಂದು ತೋರಿಸಲು ಡೀನ್ ಬಳಿ ದಾಖಲೆ ಇಲ್ಲ, ಅದಕ್ಕೇ ಓಡುತ್ತಿದ್ದಾನೆ. ರಾತ್ರಿ ಬೆಂಕಿಯ ಮುಂದೆ ಕೂತು ಜೊತೆಯವರಿಗೆ ಹೇಳುತ್ತಾನೆ: ನಾನು ಚಿಕ್ಕವನಿದ್ದಾಗಲೇ ಅಪ್ಪ ಬಿಟ್ಟು ಹೋದ, ಅವನು ಮಾಂತ್ರಿಕ ಎನ್ನಲು ನನ್ನ ಹತ್ತಿರ ಪುರಾವೆ ಇಲ್ಲ. ಆ ಪುರಾವೆ ಇದ್ದ ಪುಟಗಳು ಕರಡಿನಲ್ಲೇ ಉಳಿದಿದ್ದವು.